ಅಪ್ಪನ ಅಂಬಾಸಿಡರ್‌ಗೆ ಇಸುಜು ಎಂಜಿನ್ ಕೂರಿಸಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ 1977ರ ಏಪ್ರಿಲ್‌ನಲ್ಲಿ ನೋಂದಣಿಯಾದ ಅಂಬಾಸಿಡರ್ ಮಾರ್ಕ್ 3 ಇದೆ. ತಂದೆಯವರು ಹೊಸದಾಗಿ ಕೊಂಡ ಗಾಡಿ. ಬಾಡಿ ಗಟ್ಟಿಯಾಗಿದೆ, ಎಂಜಿನ್ ಮೊದಲಿನಿಂದ ಇದ್ದ 1489 ಸಿಸಿ ಪೆಟ್ರೋಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಮತ್ತೆ ಒತ್ತಿದಾಗ ನೀಲಿ ಹೊಗೆ ಬರುತ್ತದೆ. 500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಬೇಕು, ಕೆಳಗೆ ಸೋರುವುದೂ ಇದೆ. ಮಂಗಳೂರಿನಿಂದ ವಾಪಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುವಷ್ಟರಲ್ಲಿ ನೀರು ಕುದಿಯುತ್ತದೆ. ಮೈಲೇಜ್ ಎಂಟು. ತಿಂಗಳಿಗೆ 300 ಕಿ.ಮೀ. ಓಡಿಸುತ್ತೇನೆ. ಹಳೇ ಅಂಬಾಸಿಡರ್‌ನ ಇಸುಜು 1.8 ಪೆಟ್ರೋಲ್ ಎಂಜಿನ್ ಗೇರ್‌ಬಾಕ್ಸ್ ಸಮೇತ 1.10 ಲಕ್ಷಕ್ಕೆ ಕೂರಿಸಿಕೊಡುತ್ತೇನೆ, ಹದಿನಾಲ್ಕು ಮೈಲೇಜ್ ಬರುತ್ತದೆ, ಆರ್‌ಟಿಒ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ. ಹಳೆಯದನ್ನು ಬೋರ್ ಮಾಡಿಸಿದರೆ 75 ಸಾವಿರ ಆಗುತ್ತದೆ, ಸ್ಪೇರ್ಸ್ ಸಿಗುವುದಿಲ್ಲ, ಈಗಿನ ಎಥನಾಲ್ ಪೆಟ್ರೋಲಿಗೆ ಅದು ಉಳಿಯುವುದೂ ಇಲ್ಲ ಎನ್ನುತ್ತಾರೆ. ಮಗ ಎಲೆಕ್ಟ್ರಿಕ್ ಮಾಡಿಸೋಣ ಅನ್ನುತ್ತಾನೆ. ಯಾವುದು ಸರಿ?
— ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಹೊಗೆ, ಆಯಿಲ್ ಖರ್ಚು, ಕುದಿಯುವುದು, ಮೈಲೇಜ್ ಎಂಬ ನಾಲ್ಕು ದೂರುಗಳಿವೆ. ನಾಲ್ಕಕ್ಕೂ ಒಂದೇ ಮದ್ದು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಾಲ್ಕರ ಬೇರುಗಳೂ ಬೇರೆ ಬೇರೆ. ಅದರಲ್ಲಿ ಕನಿಷ್ಠ ಎರಡು, ಎಂಜಿನ್ ಬದಲಾಯಿಸಿದರೂ ಹೊಸ ಎಂಜಿನ್ನಿಗೇ ಅಂಟಿಕೊಳ್ಳುತ್ತವೆ. ಹಾಗಾಗಿ ಮುಂಗಡ ಕೊಡಬೇಡಿ. ಮೊದಲು ಅರ್ಧ ದಿನದ ಪರೀಕ್ಷೆ ಮಾಡಿಸಿ.

ಹೊಗೆಯಿಂದ ಶುರು ಮಾಡೋಣ. ಪಿಸ್ಟನ್ ರಿಂಗು ಮತ್ತು ಬೋರು (ಸಿಲಿಂಡರಿನ ಒಳಗೋಡೆ) ಸವೆದ ಎಂಜಿನ್ ಲೋಡ್ ಬಿದ್ದಾಗ, ಅಂದರೆ ಏರಿನಲ್ಲಿ ಒತ್ತಿ ಹತ್ತಿಸುವಾಗ, ಬಿಡದೆ ನೀಲಿ ಹೊಗೆ ಬಿಡುತ್ತದೆ. ನಿಮ್ಮ ಗಾಡಿ ಹೊಗೆ ಬಿಡುವುದು ರಾತ್ರಿಯೆಲ್ಲ ನಿಂತು ಸ್ಟಾರ್ಟ್ ಆದಾಗ ಮತ್ತು ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ. ಇದು ವಾಲ್ವ್ ಗೈಡ್‌ನ, ಅಂದರೆ ವಾಲ್ವ್ ಕಾಂಡ ಜಾರುವ ಕೊಳವೆಯ, ಸವೆತದ ಲಕ್ಷಣ. ಕಾಲು ತೆಗೆದಾಗ ಇನ್‌ಲೆಟ್ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಹೆಚ್ಚುತ್ತದೆ. ಸವೆದ ಗೈಡ್‌ನ ಸಂದಿನಿಂದ ಹೆಡ್ (ಸಿಲಿಂಡರ್‌ಗಳ ಮೇಲೆ ವಾಲ್ವ್‌ಗಳಿರುವ ಭಾಗ) ಮೇಲಿನ ಆಯಿಲ್ಲನ್ನು ಅದು ಕೆಳಗೆ ಎಳೆಯುತ್ತದೆ. ಮತ್ತೆ ಒತ್ತಿದಾಗ ಅದು ಉರಿದು ಹೊಗೆಯಾಗುತ್ತದೆ. ಈ ಎಂಜಿನ್‌ನಲ್ಲಿ ವಾಲ್ವ್ ಕಾಂಡಕ್ಕೆ, ಲಾಕ್‌ಗಳ ಕೆಳಗೆ, ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಬಿಸಿಗೆ ಅದು ಕಲ್ಲಿನಂತೆ ಗಟ್ಟಿಯಾಗಿ ಪುಡಿಯಾಗುತ್ತದೆ. ರಾಕರ್ ಶಾಫ್ಟ್ ಮತ್ತು ಬುಷ್ ಸವೆದಿದ್ದರೆ ವಾಲ್ವ್ ಮೇಲೆ ಬೀಳುವ ಆಯಿಲ್ಲೂ ಬೇಕಾದ್ದಕ್ಕಿಂತ ಹೆಚ್ಚಾಗಿರುತ್ತದೆ. ಇದಿಷ್ಟೇ ಕಾರಣವಾದರೆ ನಿಮಗೆ ಬೇಕಿರುವುದು ಹೆಡ್ ಕೆಲಸ ಮಾತ್ರ, ಎಂಜಿನ್ ಕೆಳಗಿಳಿಸುವುದೇ ಬೇಕಾಗದು.

ಇದನ್ನು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಖಚಿತಪಡಿಸುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್‌ನ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರ್‌ಗೆ ಗೇಜ್ ಇಟ್ಟು ಸೆಲ್ಫ್ ಹೊಡೆಯಬೇಕು. ಆರೇಳು ಸುತ್ತು ಸಾಕು. ಕಾಲು ಒತ್ತದೆ ನೋಡಿದರೆ ಗಾಳಿ ಒಳಗೆ ಹೋಗದೆ ಎಲ್ಲವೂ ಕಡಿಮೆ ತೋರಿಸುತ್ತದೆ. ಎಷ್ಟೋ ಒಳ್ಳೆಯ ಎಂಜಿನ್‌ಗಳಿಗೆ ‘ಕಂಪ್ರೆಷನ್ ಇಲ್ಲ’ ಎಂಬ ಹಣೆಪಟ್ಟಿ ಬೀಳುವುದು ಹೀಗೆಯೇ. ಈ ಕಡಿಮೆ ಕಂಪ್ರೆಷನ್ ಎಂಜಿನ್‌ನಲ್ಲಿ 120 ಪಿಎಸ್‌ಐ ಆಸುಪಾಸು ಬಂದರೆ ಚೆನ್ನಾಗಿದೆ ಎಂದರ್ಥ. ಗೇಜ್‌ಗಳ ನಡುವೆ ವ್ಯತ್ಯಾಸ ಇರುವುದರಿಂದ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರ ಶೇ 10 ದಾಟಬಾರದು. ಯಾವುದಾದರೂ ಕಡಿಮೆ ಬಂದರೆ ಆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್-ಬೋರ್ ದೋಷ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಅದೇ ಹೊತ್ತಿಗೆ ಆಯಿಲ್ ಪ್ರೆಶರ್ ನೋಡಿಸಿ. ಡ್ಯಾಶ್‌ಬೋರ್ಡ್‌ನ ದೀಪ ನಂಬಬೇಡಿ, ಬ್ಲಾಕ್‌ಗೆ ನೇರ ಗೇಜ್ ಹಾಕಿಸಿ. ಬಿಸಿ ಎಂಜಿನ್‌ನಲ್ಲಿ ಓಟದ ವೇಗಕ್ಕೆ 50 ಪಿಎಸ್‌ಐ ಸುತ್ತಮುತ್ತ, ಐಡ್ಲಿಂಗ್‌ನಲ್ಲಿ 15ರಷ್ಟು ಇದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಬೇರಿಂಗ್‌ಗಳು ಇನ್ನೂ ದುಡಿಯುತ್ತವೆ.

ಕೆಳಗೆ ಸೋರುವ ಆಯಿಲ್ ಬಗ್ಗೆ ಒಂದು ಮಾತು. ಈ ಎಂಜಿನ್‌ನ ಕ್ರ್ಯಾಂಕ್ ಹಿಂಭಾಗದಲ್ಲಿ ರಬ್ಬರ್ ಸೀಲ್ ಇರುವುದಿಲ್ಲ. ತಿರುಗುವಾಗ ಆಯಿಲ್ಲನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಮಾತ್ರ ಇರುತ್ತದೆ. ಗಾಡಿ ನಿಲ್ಲಿಸಿದ ಮೇಲೆ ನಾಲ್ಕು ಹನಿ ಬೀಳುವುದು ಅದರ ಹುಟ್ಟುಗುಣ. ಹನಿ ಹೋಗಿ ಧಾರೆಯಾಗಿದ್ದರೆ ಮೊದಲು ಬ್ರೀದರ್ ಪೈಪ್ ಕಟ್ಟಿದೆಯೇ ನೋಡಿ. ಕ್ರ್ಯಾಂಕ್‌ಕೇಸ್‌ನ ಗಾಳಿಗೆ ದಾರಿ ಇಲ್ಲದಾಗ ಅದು ಆಯಿಲ್ಲನ್ನು ಹಿಂದಿನಿಂದ ಹೊರದಬ್ಬುತ್ತದೆ. ಟ್ಯಾಪೆಟ್ ಸೈಡ್ ಕವರ್‌ನ ಗ್ಯಾಸ್ಕೆಟ್ ಇನ್ನೊಂದು ಖಾಯಂ ಜಾಗ. ಅಲ್ಲಿ ಸೋರಿದ್ದು ಹಿಂದಕ್ಕೆ ಹರಿದು ಕ್ರ್ಯಾಂಕ್ ಸೋರಿದಂತೆ ಕಾಣುತ್ತದೆ.

ಘಾಟ್‌ನಲ್ಲಿ ಕುದಿಯುವುದು ಏಕೆ

ಮುಕ್ಕಾಲು ಪಾಲು ಹಳೆ ಗಾಡಿಗಳಲ್ಲಿ ಎಂಜಿನ್ ಬದಲಿಸುವ ಯೋಚನೆ ಹುಟ್ಟುವುದೇ ಘಾಟ್‌ನಲ್ಲಿ. ಆದರೆ ಕುದಿಯಲು ಕಾರಣ ಬಹುಮಟ್ಟಿಗೆ ಎಂಜಿನ್ ಸವೆತವಲ್ಲ. ನಲವತ್ತೈದಕ್ಕೂ ಹೆಚ್ಚು ವರ್ಷ ಬಾವಿ ನೀರು, ಬೋರ್‌ವೆಲ್ ನೀರು ಕುಡಿದ ಎರಕದ ಕಬ್ಬಿಣದ ಬ್ಲಾಕ್ ಅದು. ಅದರ ಹಿಂಭಾಗದಲ್ಲಿ, ನಾಲ್ಕನೇ ಸಿಲಿಂಡರ್ ಸುತ್ತ, ತುಕ್ಕು ಮತ್ತು ಸುಣ್ಣದ ಕೆಸರು ಕೂತಿರುತ್ತದೆ. ಬ್ಲಾಕ್ ಪಕ್ಕದ ಡ್ರೈನ್ ಟ್ಯಾಪ್ ಬಿಚ್ಚಿ ನೋಡಿ. ನೀರೇ ಬರದಿದ್ದರೆ, ತಂತಿ ಚುಚ್ಚಿದಾಗ ಕೆಂಪು ಕೆಸರು ಬಂದರೆ ಕಾರಣ ಸಿಕ್ಕಿತು. ರೇಡಿಯೇಟರ್ ಹೊರಗಿನಿಂದ ಹೊಳೆಯುತ್ತಿದ್ದರೂ ಒಳಗಿನ ಕೊಳವೆಗಳು ಕಟ್ಟಿರಬಹುದು. ಎಂಜಿನ್ ಬಿಸಿಯಿದ್ದಾಗ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಕೋರ್ ಉದ್ದಗಲಕ್ಕೂ ನೋಡಿದರೆ ತಣ್ಣಗಿರುವ ಪಟ್ಟಿಗಳು ಕಟ್ಟಿದ ಜಾಗವನ್ನು ತೋರಿಸುತ್ತವೆ. ಅಂಥದ್ದಕ್ಕೆ ಕೋರ್ ಬದಲಿಸುವುದೇ ದಾರಿ, ಆಸಿಡ್ ಹಾಕಿ ತೊಳೆಸಿದರೆ ಬೆಸುಗೆಗಳು ಬಿಟ್ಟುಕೊಳ್ಳುತ್ತವೆ. ನಿಮ್ಮಲ್ಲಿ ಥರ್ಮೋಸ್ಟ್ಯಾಟ್ ತೆಗೆದು ಹಾಕಿರುವ ಸಾಧ್ಯತೆಯೂ ಇದೆ. ಅದರಿಂದ ಘಾಟ್‌ನಲ್ಲಿ ಲಾಭವಿಲ್ಲ. ಉಳಿದ ದಿನಗಳಲ್ಲಿ ಎಂಜಿನ್ ತಣ್ಣಗೇ ಓಡಿ ಬೋರ್ ಸವೆಯುತ್ತದೆ, ಆಯಿಲ್‌ನಲ್ಲಿ ಕೆಸರು ಕಟ್ಟುತ್ತದೆ.

ಇನ್ನೊಂದು ಕಾರಣ ಡೆಲ್ಕೊ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ವ್ಯಾಕ್ಯೂಮ್ ಪೈಪ್‌ನ ಒಂದು ತುದಿಗೆ ಬಾಯಿ ಇಟ್ಟು ಎಳೆದು ಹಿಡಿಯಿರಿ. ಗಾಳಿ ಸಲೀಸಾಗಿ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ. ಪಾಯಿಂಟ್ ಪ್ಲೇಟ್ ಕೆಳಗಿನ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ವೇಗ ಏರಿದರೂ ಟೈಮಿಂಗ್ ಮುಂದಕ್ಕೆ ಹೋಗುವುದಿಲ್ಲ. ಕಿಡಿ ತಡವಾದರೆ ಉರಿ ಎಕ್ಸಾಸ್ಟ್ ಕಡೆಗೆ ಸರಿಯುತ್ತದೆ, ಹೆಡ್ ಕಾಯುತ್ತದೆ, ಪಿಕಪ್ ಸಾಯುತ್ತದೆ. ಡ್ರೈವರ್ ಇನ್ನಷ್ಟು ಒತ್ತುತ್ತಾನೆ, ಇನ್ನಷ್ಟು ಕಾಯುತ್ತದೆ.

ಮೂರನೆಯದು ಈಗಿನ ಪೆಟ್ರೋಲ್. ಇದಕ್ಕೆ ಸ್ವಲ್ಪ ವಿವರ ಬೇಕು, ಏಕೆಂದರೆ ಎಥನಾಲ್ ಹೆಸರಲ್ಲಿ ಹೆದರಿಸುವುದು ಈಗ ಸಾಮಾನ್ಯವಾಗಿದೆ.

ಎಥನಾಲ್: ಎಷ್ಟು ನಿಜ

ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಹಳೆ ಕಾರ್ಬುರೇಟರ್ ಗಾಡಿಗೆ ತೊಂದರೆ ಕೊಡುತ್ತದೆ ಎಂಬುದು ನಿಜ. ಎಂಜಿನ್ನನ್ನೇ ಮುಗಿಸುತ್ತದೆ ಎಂಬುದು ಉತ್ಪ್ರೇಕ್ಷೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. ಇ20ಗೆ ಅದು ಹದಿಮೂರೂವರೆ ಆಸುಪಾಸು. ಇಂಜೆಕ್ಷನ್ ಕಾರು ತಾನೇ ಸರಿಹೊಂದಿಸಿಕೊಳ್ಳುತ್ತದೆ. ನಿಮ್ಮ ಕಾರ್ಬುರೇಟರ್ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಬಿಡುವುದರಿಂದ ಮಿಶ್ರಣ ಶೇ 8ರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣದಲ್ಲಿ ಗಾಡಿ ಎಳೆಯದು, ಜರ್ಕ್ ಹೊಡೆಯುತ್ತದೆ, ಬಿಸಿ ಹೆಚ್ಚು. ಸೋಲೆಕ್ಸ್ ಕಾರ್ಬುರೇಟರ್ ಇದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ: 120 ಇದ್ದರೆ 125. ಎಸ್‌ಯು ಇದ್ದರೆ ಜೆಟ್ ನಟ್ ಸ್ವಲ್ಪ ಕೆಳಗಿಳಿಸಿ, ಪ್ಲಗ್ ಬಣ್ಣ ನೋಡಿ ಹೊಂದಿಸಬೇಕು. ಪ್ಲಗ್ ತುದಿ ಬೂದಿಬಿಳಿ ಇದ್ದರೆ ಇನ್ನೂ ತೆಳು, ಬಿಸ್ಕತ್ ಬಣ್ಣ ಬಂದರೆ ಸರಿ.

ರಬ್ಬರ್ ಭಾಗಗಳನ್ನು ಎಥನಾಲ್ ಊದಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಹೋಸ್‌ಗಳನ್ನೆಲ್ಲ ಎಥನಾಲ್ ತಾಳುವ ವೈಟಾನ್ ಒಳಪದರದ ಹೋಸ್‌ಗೆ ಬದಲಿಸಿ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮತ್ತು ಕಾರ್ಬುರೇಟರ್‌ನ ನೀಡಲ್ ವಾಲ್ವ್ ಕೂಡ ಹಾಗೆಯೇ. ಪಂಪ್ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದು ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹಳೇ ಟ್ಯಾಂಕಿನ ತುಕ್ಕನ್ನೂ ಎಥನಾಲ್ ಕೀಳುವುದರಿಂದ ಮೊದಲ ಒಂದೆರಡು ತಿಂಗಳು ಫಿಲ್ಟರ್ ಬೇಗ ಕಟ್ಟುತ್ತದೆ. ಎರಡು-ಮೂರು ತಿಂಗಳು ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಪೂರ್ತಿ ತುಂಬಿಸಿ ಅಥವಾ ಖಾಲಿ ಮಾಡಿ. ಅರ್ಧ ಟ್ಯಾಂಕಿನ ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿ, ನೀರಾಗಿ ತಳಕ್ಕಿಳಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಕಥೆ ಬೇರೆ. 2000ದಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲೇ ಸಿಗುತ್ತಿದೆ. ಈ ಎಂಜಿನ್ನಿನ ಹಳೆ ಹೆಡ್‌ನಲ್ಲಿ ವಾಲ್ವ್ ಕೂರುವುದು ನೇರ ಎರಕದ ಕಬ್ಬಿಣದ ಮೇಲೆ. ಸೀಸದ ರಕ್ಷಣೆ ಇಲ್ಲದೆ ದೀರ್ಘಕಾಲ ಹೈವೇ ವೇಗದಲ್ಲಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಪದೇ ಪದೇ ಕಡಿಮೆಯಾಗುತ್ತಿದ್ದರೆ ಇದೇ ಸೂಚನೆ. ಹೆಡ್ ಬಿಚ್ಚಿದಾಗ ನಾಲ್ಕೂ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಇನ್ಸರ್ಟ್ ಕೂರಿಸಿದರೆ ಆ ಚಿಂತೆ ಮುಗಿಯಿತು. ಹೆಡ್ ಕೆಲಸದ ಅಂದಾಜಿನಲ್ಲಿ ಇದು ಸೇರಿದೆಯೇ ಎಂದು ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ.

ಮೈಲೇಜ್ ಲೆಕ್ಕ ನೀವೇ ಹಾಕಬಹುದು. ತಿಂಗಳಿಗೆ 300 ಕಿ.ಮೀ.ಗೆ ಎಂಟರಂತೆ 37.5 ಲೀಟರ್, ಹತ್ತರಂತೆ 30 ಲೀಟರ್. ಉಳಿತಾಯ ತಿಂಗಳಿಗೆ ಏಳೂವರೆ ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ ಒಂಬತ್ತು ಸಾವಿರ. ಈ ಗಾಡಿಯ ತೂಕ ಮತ್ತು ಗಾಳಿಗೆ ಎದೆಯೊಡ್ಡುವ ಆಕಾರಕ್ಕೆ 1.8 ಲೀಟರ್ ಕಾರ್ಬುರೇಟರ್ ಎಂಜಿನ್ ಹದಿನಾಲ್ಕು ಕೊಡುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಟೈಮಿಂಗ್, ಜೆಟ್, ಬ್ರೇಕ್ ಹಿಡಿದು ಓಡುತ್ತಿರುವ ಚಕ್ರ, ಟೈರ್ ಗಾಳಿ ಸರಿಯಾದರೆ ನಿಮ್ಮ ಎಂಟು ಒಂಬತ್ತೂವರೆ-ಹತ್ತರ ಹತ್ತಿರ ಬರುತ್ತದೆ. ಮೈಲೇಜಿಗಾಗಿ ಎಂಜಿನ್ ಬದಲಿಸಿದ ಹಣ ಈ ಓಟದಲ್ಲಿ ಹುಟ್ಟುವುದಿಲ್ಲ.

ಹಳೆಯದನ್ನೇ ಉಳಿಸಿದರೆ

ಸ್ಪೇರ್ಸ್ ಸಿಗುವುದಿಲ್ಲ ಎಂಬ ಮಾತು 1489ರ ವಿಷಯದಲ್ಲಿ ಸರಿಯಲ್ಲ. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರದ ಕಾರ್ಖಾನೆ 2014ರಲ್ಲಿ ನಿಂತರೂ ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್, ಗ್ಯಾಸ್ಕೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಸಿಗುತ್ತವೆ, ಇಲ್ಲವಾದರೆ ಕೋಲ್ಕತ್ತಾದಿಂದ ತರಿಸಿಕೊಡುತ್ತಾರೆ. ಒಂದು ಎಚ್ಚರಿಕೆ: ಅಂಬಾಸಿಡರ್‌ನಲ್ಲಿ 1489 ಸಿಸಿಯದೇ ಡೀಸೆಲ್ ಎಂಜಿನ್ನೂ ಇತ್ತು. ‘ಹದಿನೈದು ನೂರು ಸಿಸಿ ಗ್ಯಾಸ್ಕೆಟ್ ಸೆಟ್’ ಎಂದಷ್ಟೇ ಕೇಳಿದರೆ ಡೀಸೆಲ್‌ನದು ಕೈಗೆ ಬರಬಹುದು. ಪೆಟ್ರೋಲ್ ಎಂದು ಒತ್ತಿ ಹೇಳಿ, ಹಳೇ ಗ್ಯಾಸ್ಕೆಟ್ ಜೊತೆಗಿರಲಿ.

ಕಂಪ್ರೆಷನ್ ಸಮ ಇದ್ದು ಆಯಿಲ್ ಪ್ರೆಶರ್ ಬಂದರೆ ಹೆಡ್ ಕೆಲಸ ಮಾತ್ರ ಮಾಡಿಸಿ: ಹೊಸ ಗೈಡ್, ಗಟ್ಟಿ ಎಕ್ಸಾಸ್ಟ್ ಸೀಟ್, ವಾಲ್ವ್ ರಬ್ಬರ್, ರಾಕರ್ ಶಾಫ್ಟ್-ಬುಷ್, ಹೆಡ್ ಫೇಸಿಂಗ್ (ಹೆಡ್‌ನ ತಳ ಸಮ ಮಾಡುವುದು). ಇದರಲ್ಲಿ ಕೆಡುವ ಜಾಗ ಒಂದಿದೆ. ರಾಕರ್ ಶಾಫ್ಟ್ ಹಿಡಿದಿರುವ ನಟ್‌ಗಳಲ್ಲಿ ನಾಲ್ಕು, ಹೆಡ್ಡನ್ನೂ ಹಿಡಿದಿವೆ. ನೀರು ಇಳಿಸದೆ, ಉಳಿದ ಹೆಡ್ ನಟ್ ಸಡಿಲಿಸದೆ ರಾಕರ್ ಮಾತ್ರ ಎತ್ತಿದರೆ ಹೆಡ್ ಒಂದು ಬದಿಗೆ ಎಳೆದು ಗ್ಯಾಸ್ಕೆಟ್ ಸೋರಲು ಶುರುವಾಗುತ್ತದೆ. ಹೆಡ್ ಎಲ್ಲ ನಟ್‌ಗಳನ್ನೂ ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 40 ಪೌಂಡ್-ಅಡಿಗೆ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು. ‘ಕೈ ಅಂದಾಜು’ ಎನ್ನುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಬೋರ್ ಸವೆದಿದ್ದರೆ ಎಂಜಿನ್ ಇಳಿಸಲೇಬೇಕು. ಬೋರ್ ಗೇಜ್ ಹಾಕಿ ಮೇಲಿನ ಸವೆತ ಅಳೆಸಿ. 8-10 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ದಾಟಿದ್ದರೆ ಬೋರಿಂಗ್. ಹಣ ಉಳಿಸಲು ಹೊಸ ರಿಂಗ್ ಮಾತ್ರ ಹಾಕುವುದು ಹಳೇ ರೂಢಿ. ಸವೆದ ಬೋರ್‌ನ ಮೇಲ್ತುದಿಯಲ್ಲಿ ಸವೆಯದ ಒಂದು ಮೆಟ್ಟಿಲು ಉಳಿದಿರುತ್ತದೆ, ಹೊಸ ಟಾಪ್ ರಿಂಗ್ ಅದಕ್ಕೆ ಬಡಿದು ಒಡೆಯುತ್ತದೆ. ಬೋರಿನ ಮೂಲ ಅಳತೆ 73.025 ಮಿ.ಮೀ., ಓವರ್‌ಸೈಜ್ 10, 20, 30, 40 ಥೌ. ಈಗಾಗಲೇ 40 ಆಗಿದ್ದರೆ ಸ್ಲೀವ್ ಹಾಕಿ ಸ್ಟ್ಯಾಂಡರ್ಡ್‌ಗೆ ತರಬಹುದು. ಪಿಸ್ಟನ್ ಕೈಗೆ ಬಂದ ಮೇಲೇ ಬೋರ್ ಮಾಡಿಸಿ. ಪಿಸ್ಟನ್ ಅಳೆದು ಬೋರ್ ಹೊಂದಿಸಬೇಕೇ ಹೊರತು ಬೋರ್ ಮುಗಿಸಿ ಪಿಸ್ಟನ್ ಹುಡುಕಿದರೆ ಲೂಸ್ ಅಥವಾ ಟೈಟ್ ಎರಡರಲ್ಲೊಂದು ಖಚಿತ. ಬ್ಲಾಕ್ಕನ್ನು ಕೋರ್ ಪ್ಲಗ್ ಎಲ್ಲ ತೆಗೆದು ಕಾಸ್ಟಿಕ್‌ನಲ್ಲಿ ಬೇಯಿಸಲು ಹೇಳಿ. ಘಾಟ್‌ನಲ್ಲಿ ಕುದಿಸುವ ಕೆಸರು ಆಗಲೇ ಹೋಗುವುದು. ಕ್ರ್ಯಾಂಕ್ ಮೂರು ಮೇನ್ ಬೇರಿಂಗ್‌ನದು. ಗ್ರೈಂಡ್ ಮಾಡಿದ ಮೇಲೆ ಆಯಿಲ್ ತೂತುಗಳನ್ನು ಬ್ರಷ್ ಹಾಕಿ ತೊಳೆಯದೆ ಕೂರಿಸಿದ್ದರಿಂದ ಮೊದಲ ನೂರು ಕಿ.ಮೀ.ನಲ್ಲೇ ಬೇರಿಂಗ್ ಕಳೆದುಕೊಂಡ ಎಂಜಿನ್‌ಗಳು ಕಡಿಮೆಯಿಲ್ಲ.

ನಿಮ್ಮ 75 ಸಾವಿರದ ಅಂದಾಜನ್ನು ಬಿಡಿಸಿ ಬರೆಸಿಕೊಳ್ಳಿ. ಮಷೀನ್ ಶಾಪ್, ಸಾಮಾನು, ಕೂಲಿ ಬೇರೆ ಬೇರೆ ಇರಲಿ. ಕ್ಲಚ್ ಪ್ಲೇಟ್, ಎಂಜಿನ್ ಮೌಂಟಿಂಗ್ ರಬ್ಬರ್, ರೇಡಿಯೇಟರ್ ಕೋರ್, ಹೋಸ್‌ಗಳು ಅದರಲ್ಲಿ ಇವೆಯೇ ನೋಡಿ. ಎಂಜಿನ್ ಹೊರಗಿರುವಾಗ ಮಾಡದಿದ್ದರೆ ಇವಕ್ಕೆ ಇನ್ನೊಮ್ಮೆ ಕೂಲಿ ಕೊಡಬೇಕಾಗುತ್ತದೆ.

ಬ್ಲಾಕ್ ಸೀಳಿದ್ದರೆ? ಆಗ ಇನ್ನೊಂದು ಅಂಬಾಸಿಡರ್‌ನ ಅದೇ 1489 ಪೆಟ್ರೋಲ್ ಎಂಜಿನ್ ತಂದು ರಿಪೇರಿ ಮಾಡಿ ಕೂರಿಸುವುದು ಸುಲಭದ ದಾರಿ. ಮೌಂಟಿಂಗ್‌ನಿಂದ ಹಿಡಿದು ಪ್ರೊಪೆಲ್ಲರ್ ಶಾಫ್ಟ್‌ವರೆಗೆ ಏನೂ ಬದಲಾಗದು, ಕಾಗದದಲ್ಲಿ ಎಂಜಿನ್ ನಂಬರ್ ಒಂದೇ ಬದಲಾಗುವುದು.

ಇಸುಜು ಹಾಕುವುದಾದರೆ

ಎಂಜಿನ್ ಒಳ್ಳೆಯದೇ. ಹಿಂದುಸ್ತಾನ್ ಮೋಟರ್ಸ್ ತಾನೇ 1990ರ ದಶಕದಲ್ಲಿ ಈ 1817 ಸಿಸಿ ಎಂಜಿನ್ನನ್ನು ಐದು ಗೇರಿನ ಬಾಕ್ಸ್ ಜೊತೆ ಅಂಬಾಸಿಡರ್‌ಗೆ ಹಾಕಿತು. ನಿಮ್ಮದು 50 ಅಶ್ವಶಕ್ತಿ, ಅದು 75. ಓವರ್‌ಟೇಕ್ ಮಾಡುವಾಗ, ಏರು ಹತ್ತುವಾಗ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಕೂರಿಸಿದರೆ ಕೂರುತ್ತದೆ ಎಂಬುದೂ ನಿಜ. ಆದರೆ 1.10 ಲಕ್ಷದಲ್ಲಿ ಯಾವ ಯಾವ ಕೆಲಸ ಸೇರಿದೆ ಎಂಬುದೇ ಪ್ರಶ್ನೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ಬೇರೆ. ಅದೇ ಮಾದರಿಯ ಗಾಡಿಯ ಬ್ರಾಕೆಟ್ ಮತ್ತು ಕ್ರಾಸ್ ಮೆಂಬರ್ ತರಬೇಕು. ತಗಡು ಕತ್ತರಿಸಿ ವೆಲ್ಡ್ ಮಾಡಿದ್ದು ಒಂದು ವರ್ಷದಲ್ಲಿ ಬಿರುಕು ಬಿಡುತ್ತದೆ. ಸ್ಟೀರಿಂಗ್ ಕಂಬದ ಮೇಲಿನ ಗೇರ್ ಲಿವರ್ ಹೋಗಿ ನೆಲದ ಗೇರ್ ಬರುತ್ತದೆ, ಅದಕ್ಕೆ ಫ್ಲೋರ್ ಕೊರೆಯಬೇಕು. ಮುಂದಿನ ಉದ್ದ ಸೀಟಿನ ಮಧ್ಯೆ ಕೂರುವವರಿಗೆ ಆಮೇಲೆ ಕಾಲಿಡಲು ಜಾಗವಿಲ್ಲ. ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾದರೆ ಬ್ಯಾಲೆನ್ಸ್ ಮಾಡಿಸಲೇಬೇಕು, ಇಲ್ಲದಿದ್ದರೆ 60-70ರ ವೇಗದಲ್ಲಿ ನೆಲ ಗುಂಯ್‌ಗುಡುತ್ತದೆ. ಡಿಫರೆನ್ಷಿಯಲ್ ಹಲ್ಲಿನ ಲೆಕ್ಕ ಹೊಂದದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಐದನೇ ಗೇರಿನ ಪ್ರಯೋಜನವೂ ಸಿಗದು. ಎಕ್ಸಾಸ್ಟ್ ಹೊಸದು, ಕ್ಲಚ್ ಜೋಡಣೆ ಹೊಸದು. ನಿಮ್ಮಲ್ಲಿ ಡೈನಮೋ ಇದ್ದರೆ ಹೊಸ ಆಲ್ಟರ್ನೇಟರ್‌ಗೆ ದಪ್ಪ ಚಾರ್ಜಿಂಗ್ ವೈರ್ ಎಳೆದು ಹಳೇ ರೆಗ್ಯುಲೇಟರ್ ತೆಗೆಯಬೇಕು. ಹಳೇ ತೆಳು ವೈರ್ ಮೇಲೆ ಆಲ್ಟರ್ನೇಟರ್ ಕರೆಂಟ್ ಹರಿಸಿದರೆ ಬೆಂಕಿ.

ರೇಡಿಯೇಟರ್ ವಿಷಯ ಇನ್ನೂ ಕಟ್ಟುನಿಟ್ಟು. ನಿಮ್ಮ ಎಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು, ಒಮ್ಮೆ ಕುದಿದರೂ ಸಹಿಸಿಕೊಳ್ಳುತ್ತದೆ. ಇಸುಜುವಿನದು ಅಲ್ಯುಮಿನಿಯಂ, ಒಂದು ಸಲ ಜೋರಾಗಿ ಕುದಿದರೆ ಬಾಗುತ್ತದೆ. ಈಗಿನ ಕಟ್ಟಿದ ರೇಡಿಯೇಟರ್‌ಗೇ ಅದನ್ನು ಜೋಡಿಸಿ ಶಿರಾಡಿ ಹತ್ತಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ತೂಕದ ವಿಷಯ ಬ್ರೇಕ್, ಅದನ್ನೇ ಎಲ್ಲರೂ ಕೊನೆಗೆ ಯೋಚಿಸುವುದು. ಮಾರ್ಕ್ 3ರಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್. 60ರಲ್ಲಿ ಹೋಗುತ್ತಿದ್ದ ಗಾಡಿ 90ರಲ್ಲಿ ಹೋಗತೊಡಗಿದರೆ ನಿಲ್ಲಿಸಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ದೋಣಿಗಲ್‌ನಿಂದ ಗುಂಡ್ಯಕ್ಕೆ ಇಳಿಯುವಾಗ ಕಾದ ಡ್ರಮ್ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕಿಳಿಯುತ್ತದೆ, ಲೈನರ್ ಜಾರುತ್ತದೆ. ಹೊಸ ವೀಲ್ ಸಿಲಿಂಡರ್, ಲೈನರ್, ಡ್ರಮ್ ಟರ್ನಿಂಗ್, ಹೋಸ್‌ಗಳು, ಹೊಸ ಬ್ರೇಕ್ ಆಯಿಲ್ ಕನಿಷ್ಠ ಬೇಕಾದವು. ಸಾಧ್ಯವಾದರೆ ನಂತರದ ಅಂಬಾಸಿಡರ್‌ನ ಮುಂಭಾಗದ ಡಿಸ್ಕ್ ಮತ್ತು ಸರ್ವೋ (ಬ್ರೇಕ್ ಒತ್ತಲು ನೆರವಾಗುವ ಸಾಧನ). ಇದನ್ನೂ ಸೇರಿಸಿದರೆ 1.10 ಲಕ್ಷದ ಅಂದಾಜು ಹಾಗೇ ಉಳಿಯುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಎಂಜಿನ್ ನೋಡುವಾಗ ನೆಲದ ಮೇಲೆ ಬಿದ್ದಿರುವುದಕ್ಕೆ ದುಡ್ಡು ಕೊಡಬೇಡಿ. ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಸಿ ಕಂಪ್ರೆಷನ್ ನೋಡಿ. ಫಿಲ್ಲರ್ ಕ್ಯಾಪ್ ಒಳಗೆ ಕಾಫಿ-ಹಾಲಿನ ಬಣ್ಣದ ನೊರೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಹೆಡ್ ಅಂಚಿನ ದಪ್ಪ ಎಲ್ಲ ಕಡೆ ಒಂದೇ ಇದೆಯೇ, ಹಿಂದೆ ಎಷ್ಟು ಸಲ ಫೇಸಿಂಗ್ ಆಗಿದೆ ಕೇಳಿ. ಬಂದ ಮೇಲೆ ಅದನ್ನೂ ಬಿಚ್ಚಿ ಗ್ಯಾಸ್ಕೆಟ್, ಸೀಲ್, ರಿಂಗ್ ನೋಡುವ ಖರ್ಚು ಇದ್ದೇ ಇದೆ.

ಡೀಸೆಲ್ ಎಂಜಿನ್ ಕೂರಿಸುವ ಟ್ಯಾಕ್ಸಿ ಕಾಲದ ಸಲಹೆ ಯಾರಾದರೂ ಕೊಟ್ಟರೆ ಬಿಟ್ಟುಬಿಡಿ. ಮುಂದಿನ ಟಾರ್ಷನ್ ಬಾರ್ ಆ ಭಾರಕ್ಕೆ ಕುಗ್ಗುತ್ತದೆ, ನಡುಕಕ್ಕೆ ಬಾಡಿ ಬೋಲ್ಟ್‌ಗಳು ಸಡಿಲವಾಗುತ್ತವೆ, ಇಂಧನ ಬದಲಾವಣೆಗೆ ಕಾಗದ ಸಿಗುವುದು ಇನ್ನೂ ಕಷ್ಟ. ಎಲೆಕ್ಟ್ರಿಕ್ ಬಗ್ಗೆ ಮಗನಿಗೆ ಹೇಳಿ: ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದ ಕಿಟ್, ಅದೂ ನಿಮ್ಮ ಮಾದರಿಗೆ ಅನ್ವಯಿಸುವ ಪ್ರಮಾಣಪತ್ರದೊಂದಿಗೆ, ಅಧಿಕೃತ ಇನ್‌ಸ್ಟಾಲರ್ ಹಾಕಿದರೆ ಮಾತ್ರ ಆರ್‌ಸಿಯಲ್ಲಿ ಸೇರುತ್ತದೆ. ಮಾರುವವರು ಆ ಪ್ರಮಾಣಪತ್ರ ತೋರಿಸದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

‘ಆರ್‌ಟಿಒ ನಾವು ನೋಡ್ಕೋತೀವಿ’

ಇದನ್ನು ಯಾರೂ ನಿಮ್ಮ ಪರವಾಗಿ ‘ನೋಡಿಕೊಳ್ಳಲು’ ಆಗದು, ಹೊಣೆ ಮಾಲೀಕರದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯ ವಿವರ ಹೊಂದದಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಅನುಮತಿಯಿಲ್ಲದ ಬದಲಾವಣೆಗೆ 182ಎ ಸೆಕ್ಷನ್‌ನಡಿ ಒಂದೊಂದಕ್ಕೂ ಐದು ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಅದೇ 1489 ಎಂಜಿನ್ ಬದಲಿಸಿದರೆ ನಂಬರ್ ತಿದ್ದುಪಡಿ ಸರಳ. ಇಸುಜು ಅಂಬಾಸಿಡರ್‌ಗೇ ಬಂದ ಎಂಜಿನ್ ಆದರೂ ಮಾರ್ಕ್ 3ಕ್ಕೆ ಬಂದದ್ದಲ್ಲ. ಸಿಸಿ ಬದಲಾಗುತ್ತದೆ. ಅಧಿಕಾರಿ ಒಪ್ಪದಿರಬಹುದು. ಆದ್ದರಿಂದ ಎಂಜಿನ್ ಕೊಳ್ಳುವ ಮುಂಚೆ ನಿಮ್ಮ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆಯಿರಿ. ಒಪ್ಪಿದರೆ ಬಿಲ್, ಆ ಎಂಜಿನ್ ಇದ್ದ ಗಾಡಿಯ ಆರ್‌ಸಿ ಪ್ರತಿ, ಅದು ಗುಜರಿಗೆ ಹೋದ ಗಾಡಿಯಾದರೆ ಆರ್‌ಸಿ ರದ್ದಾದ ದಾಖಲೆ ಇಟ್ಟುಕೊಳ್ಳಿ. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ಮೊದಲು ಬಾಗಿಲು ತಟ್ಟುವುದು ನಿಮ್ಮ ಮನೆಯದೇ. ಹಳೇ ನಂಬರನ್ನೇ ಹೊಸ ಬ್ಲಾಕ್ ಮೇಲೆ ಪಂಚ್ ಮಾಡಿಕೊಡುತ್ತೇನೆ ಎಂದರೆ ಆ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ, ಅದು ಅಪರಾಧ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ನಂಬರ್ ಹೊಂದದ ಎಂಜಿನ್ ಅವರಿಗೆ ಕ್ಲೇಮ್ ತಿರಸ್ಕರಿಸಲು ಸಿಕ್ಕ ನೆಪ.

ಇನ್ನೊಂದು ವಿಷಯ ನಿಮ್ಮ ಮೆಕ್ಯಾನಿಕ್ ಹೇಳಿರಲಾರರು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗದೆ ಮೂಲ ರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ನೋಂದಣಿ ಪಡೆಯಬಹುದು, ನಂಬರಿನಲ್ಲಿ ‘ವಿಎ’ ಬರುತ್ತದೆ. ನಿಮ್ಮ ಗಾಡಿ 2027ರ ಏಪ್ರಿಲ್‌ಗೆ ಐವತ್ತು ಮುಗಿಸುತ್ತದೆ. ಇಸುಜು ಹಾಕಿದರೆ ಆ ಬಾಗಿಲು ಮುಚ್ಚುತ್ತದೆ. ಹಾಗೆಂದು ವಿಂಟೇಜ್ ಮಾಡಿಸಲೇಬೇಕೆಂದಲ್ಲ. ವಿಎ ನಂಬರ್ ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವಂಥ ಕೆಲಸಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ತಿಂಗಳಿಗೆ 300 ಕಿ.ಮೀ. ಓಡಿಸುವ ನಿಮಗೆ ಈಗಿನ ನೋಂದಣಿಯನ್ನೇ ನವೀಕರಿಸುತ್ತ ಹೋಗುವುದು ಹೆಚ್ಚು ಅನುಕೂಲ. ಆ ನವೀಕರಣಕ್ಕೂ ಇನ್‌ಸ್ಪೆಕ್ಟರ್ ಚಾಸಿ ಮತ್ತು ಎಂಜಿನ್ ನಂಬರ್ ನೋಡುತ್ತಾರೆ. ಹೊಗೆ ಪರೀಕ್ಷೆಯಲ್ಲಿ ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಸರಿಯಾಗಿ ಕಟ್ಟಿದ 1489 ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಕಂಪ್ರೆಷನ್ ಮತ್ತು ಆಯಿಲ್ ಪ್ರೆಶರ್ ಸರಿಯಿದ್ದರೆ ಹೆಡ್, ರೇಡಿಯೇಟರ್, ಡೆಲ್ಕೊ, ಜೆಟ್, ಬ್ರೇಕ್. ಸರಿಯಿಲ್ಲದಿದ್ದರೆ ಅದೇ ಎಂಜಿನ್ನಿನ ಪೂರ್ತಿ ಓವರ್‌ಹಾಲ್. ವಾರಕ್ಕೊಮ್ಮೆ ಬೆಂಗಳೂರಿಗೆ ಹೈವೇಯಲ್ಲಿ ಓಡಿಸಬೇಕು ಎನ್ನುವವರಿಗೆ, ಆರ್‌ಟಿಒ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆ, ಇಸುಜು ಒಂದು ಆಯ್ಕೆ. ನಿಮ್ಮ ಓಟಕ್ಕೆ ಅದರ ಅಗತ್ಯ ನನಗೆ ಕಾಣುತ್ತಿಲ್ಲ.

ಓವರ್‌ಹಾಲ್ ಆದ ಮೇಲಿನ ಜಾಗ್ರತೆಯನ್ನೂ ಹೇಳಿಬಿಡುತ್ತೇನೆ. ಕ್ಯಾಮ್ ಮತ್ತು ಟ್ಯಾಪೆಟ್ ಹೊಸದಾದರೆ ಮೊದಲ ಸ್ಟಾರ್ಟ್‌ನಲ್ಲಿ ಐಡ್ಲಿಂಗ್ ಬಿಡದೆ 1500-2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಕ್ಯಾಮ್‌ಗೆ ಆಯಿಲ್ ಸಿಗುವುದು ಆ ವೇಗದಲ್ಲೇ. ಆಯಿಲ್ 20ಡಬ್ಲ್ಯೂ-50 ಮಿನರಲ್, ಹೊಸ ರಿಂಗ್ ಕೂರುವವರೆಗೆ ಸಿಂಥೆಟಿಕ್ ಬೇಡ. ಮೊದಲ 500 ಕಿ.ಮೀ. 50ರ ವೇಗ ದಾಟಿಸದೆ, ಆದರೆ ಒಂದೇ ವೇಗದಲ್ಲಿ ಎಳೆಯದೆ ಏರಿಳಿಸಿ ಓಡಿಸಿ. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಎಂಜಿನ್ ತಣ್ಣಗಿದ್ದಾಗ ಹೆಡ್ ನಟ್ ಮತ್ತೆ 40ಕ್ಕೆ ಬಿಗಿಸಿ, ನಂತರ ಟ್ಯಾಪೆಟ್ 15 ಥೌಗೆ ಹೊಂದಿಸಿ. ಬಿಗಿಸುವ ಮುಂಚೆ ಟ್ಯಾಪೆಟ್ ಹಾಕಿದರೆ ಆ ಅಳತೆ ಉಳಿಯುವುದಿಲ್ಲ. ಶಿರಾಡಿ ಹತ್ತಿಸುವುದು ಅದಾದ ಮೇಲೆ.